ಗೇಟ್, ರೋಡ್, ಬೀಚ್: ಎರವಲು ವಾರ್ಗಿಕಗಳು ಮತ್ತು ಗೋಕರ್ಣದ ಕಡಲತೀರದ ಹೆಸರುಗಳು

ಸಾರಲೇಖ: ಕನ್ನಡ ಸ್ಥಳನಾಮಗಳಲ್ಲಿ ಇಂಗ್ಲಿಷಿನಿಂದ ಬಂದ ವಾರ್ಗಿಕಗಳು ವಸ್ತುವಿನ ಹೆಸರಾಗಿ ಮಾತ್ರವಲ್ಲ, ಪ್ರಯಾಣಿಕನ ನಿಲುವಿನ ಗುರುತಾಗಿಯೂ ಕೆಲಸಮಾಡುತ್ತವೆ ಎಂಬುದು ಈ ಲೇಖನದ ಪ್ರತಿಪಾದನೆ. ತುಮಕೂರಿನ ‘ಶಿರಾ ಗೇಟ್’ ಮಾದರಿಯ ಹೆಸರುಗಳನ್ನು ಮೊದಲು ವಿವರಿಸಿ, ಅದೇ ನೆಲೆಯಿಂದ ಗೋಕರ್ಣದ ‘ಕುಡ್ಲೆ ಬೀಚ್’, ‘ಓಂ ಬೀಚ್’, ‘ಹಾಫ್ ಮೂನ್ ಬೀಚ್’ಗಳನ್ನು ಪರಿಶೀಲಿಸಲಾಗಿದೆ. ವಾರ್ಗಿಕವನ್ನು ಬಿಟ್ಟು ನೋಡುವ ಸರಳ ಪರೀಕ್ಷೆಯೊಂದು ಈ ಹೆಸರುಗಳ ಒಳರಚನೆಯನ್ನು ಬಯಲುಮಾಡುತ್ತದೆ.

ಪ್ರಮುಖ ಪದಗಳು: ಸ್ಥಳನಾಮ, ವಾರ್ಗಿಕ, ಎರವಲು, ಭಾಷಾ ಭೂದೃಶ್ಯ, ಕರಾವಳಿ ಕನ್ನಡ, ಗೋಕರ್ಣ

1. ಶಿರಾ ಇಲ್ಲದ ಶಿರಾ ಗೇಟ್

ತುಮಕೂರು ನಗರದ ಶಿರಾ ಗೇಟಿನಲ್ಲಿ ಶಿರಾ ಇಲ್ಲ. ಶಿರಾ ಪಟ್ಟಣ ಅಲ್ಲಿಂದ ಸುಮಾರು 50 ಕಿಲೋಮೀಟರ್ ಉತ್ತರಕ್ಕಿದೆ. ಗುಬ್ಬಿ ಗೇಟಿನ ಸಂಗತಿಯೂ ಹಾಗೆಯೇ: ಅದು ಗುಬ್ಬಿಯಲ್ಲಿಲ್ಲ, ಗುಬ್ಬಿಯ ಕಡೆಗೆ ಹೊರಡುವ ದಾರಿಯ ಬಾಯಲ್ಲಿದೆ. ಈ ಹೆಸರುಗಳ ಪೂರ್ವಪದ ತಾನು ನಿಂತ ಜಾಗವನ್ನು ಹೇಳುವುದಿಲ್ಲ. ಅಲ್ಲಿಂದ ಹೊರಟವನು ತಲುಪಬೇಕಾದ ಜಾಗವನ್ನು ಹೇಳುತ್ತದೆ. ಬೆಂಗಳೂರು ಪೇಟೆಯ ಹಲಸೂರು ಗೇಟ್, ಯಲಹಂಕ ಗೇಟ್‌ಗಳದೂ ಇದೇ ರಚನೆ.

ಸ್ಥಳನಾಮ ಅಧ್ಯಯನದ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ‘ಶಿರಾ’ ಎಂಬುದು ನಿರ್ದಿಷ್ಟ, ‘ಗೇಟ್’ ಎಂಬುದು ವಾರ್ಗಿಕ. ಕನ್ನಡದ ಬಹುಪಾಲು ಊರ ಹೆಸರುಗಳಲ್ಲಿ ನಿರ್ದಿಷ್ಟವು ಸ್ಥಳದ ಒಳಗಿನ ಗುಣವನ್ನೋ ವಸ್ತುವನ್ನೋ ವ್ಯಕ್ತಿಯನ್ನೋ ಸೂಚಿಸುತ್ತದೆ. ಹಿರೇಹಳ್ಳಿ ಹಿರಿದಾದ ಹಳ್ಳಿ. ‘ಗೇಟ್’ ಹೆಸರುಗಳಲ್ಲಿ ನಿರ್ದಿಷ್ಟವು ಹೊರಗಿನದು. ಅದನ್ನು ನಾವು ದಿಕ್ಸೂಚಕ ನಿರ್ದಿಷ್ಟ ಎಂದು ಕರೆಯುತ್ತೇವೆ. ಕನ್ನಡಕ್ಕೆ ಈ ಆಲೋಚನೆ ಹೊಸದೇನಲ್ಲ. ಮುಳಬಾಗಿಲು ‘ಮೂಡಣ ಬಾಗಿಲು’ ಎಂಬುದರಿಂದ ಬಂದದ್ದೆಂಬ ನಿಷ್ಪತ್ತಿ ಸರ್ವವಿದಿತ. ಅಲ್ಲಿಯೂ ಬಾಗಿಲಿಗೆ ಹೆಸರು ಬಂದದ್ದು ದಿಕ್ಕಿನಿಂದ. ಉತ್ತರ ಕರ್ನಾಟಕದಲ್ಲಿ ಊರ ಬಾಗಿಲಿಗೆ ‘ಅಗಸಿ’ ಎಂಬ ಮಾತಿದೆ. ಆದರೂ ಇಂದು ಯಾರೂ ‘ಶಿರಾ ಬಾಗಿಲು’ ಎನ್ನುವುದಿಲ್ಲ, ಪತ್ರಿಕೆಗಳು ಕೂಡ ಹಾಗೆ ಅನುವಾದಿಸುವುದಿಲ್ಲ. ಕಾರಣ ಸ್ಪಷ್ಟ. ಇಲ್ಲಿನ ‘ಗೇಟ್’ ತೆರೆದು ಮುಚ್ಚುವ ವಸ್ತುವನ್ನು ಈಗ ಸೂಚಿಸುತ್ತಿಲ್ಲ. ದಕ್ಷಿಣ ಕರ್ನಾಟಕದ ಹೆದ್ದಾರಿಗಳಲ್ಲಿ ಹಳ್ಳಿಯೊಂದಕ್ಕೆ ಕವಲು ದಾರಿ ಹೊರಡುವ ಬಸ್ ನಿಲುಗಡೆಗೆ ಆ ಹಳ್ಳಿಯ ಹೆಸರಿನೊಂದಿಗೆ ‘ಗೇಟ್’ ಅಥವಾ ‘ಕ್ರಾಸ್’ ಸೇರಿಸುವುದು ವಾಡಿಕೆ. ಅಲ್ಲಿ ಗೇಟು ಎಂದೂ ಇದ್ದಿರಬೇಕಾಗಿಯೂ ಇಲ್ಲ. ವಸ್ತು ಕಳಚಿಹೋಗಿ ‘ಇಲ್ಲಿಂದ ಅಲ್ಲಿಗೆ’ ಎಂಬ ಸಂಬಂಧವಷ್ಟೇ ಉಳಿದಿದೆ.

ರೂಪದ ದೃಷ್ಟಿಯಿಂದ ಈ ಎರವಲುಗಳು ಕನ್ನಡದಲ್ಲಿ ಚೆನ್ನಾಗಿ ನೆಲೆಗೊಂಡಿವೆ. ವ್ಯಂಜನಾಂತವಾದ ‘ಗೇಟ್’ ಉಕಾರವನ್ನು ಪಡೆದು ‘ಗೇಟು’ ಆಗುತ್ತದೆ. ಗೇಟಿನ, ಗೇಟಿಗೆ ಎಂದು ಉಕಾರಾಂತ ನಪುಂಸಕದಂತೆ ವಿಭಕ್ತಿಯನ್ನು ತಾಳುತ್ತದೆ. ‘ಬೀಚ್’ ಕೂಡ ಹಾಗೆಯೇ: ಬೀಚಿನ, ಬೀಚಿಗೆ. ‘ತೀರ’ಕ್ಕೆ ‘ತೀರದ’ ಎಂದಿರುವಂತೆ ‘*ಬೀಚದ’ ಎಂಬ ರೂಪ ಹುಟ್ಟುವುದಿಲ್ಲ. ಶಿಷ್ಟ ಉಚ್ಚಾರಣೆಯಲ್ಲಿ ‘ಗೇಟ್‌ಗೆ’, ‘ಬೀಚ್‌ಗೆ’ ಎಂಬ ರೂಪಗಳೂ ಇವೆ. ಇದು ಎಲ್ಲ ಎರವಲುಗಳಿಗೂ ಸಾಮಾನ್ಯವಾದ ಸಂಗತಿಯಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಗುಬ್ಬಿ ಗೇಟಿನಿಂದ ಹೊರಡುವ ದಾರಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಹಳೆಯ ಕ್ರಮಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ 206 ತುಮಕೂರಿನಲ್ಲಿ ಹುಟ್ಟಿ ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರಗಳನ್ನು ಹಾಯ್ದು ಹೊನ್ನಾವರದಲ್ಲಿ ಕಡಲನ್ನು ಮುಟ್ಟುತ್ತಿತ್ತು. ಹೊನ್ನಾವರದಿಂದ ಉತ್ತರಕ್ಕೆ ಕುಮಟಾ, ಅದರಾಚೆ ಗೋಕರ್ಣ. ರೈಲಿನಲ್ಲಿ ಬರುವವರು ಇಳಿಯುವ ನಿಲ್ದಾಣದ ಹೆಸರು ‘ಗೋಕರ್ಣ ರೋಡ್’. ನಿಲ್ದಾಣ ಊರಿನಲ್ಲಿಲ್ಲ, ಹಲವು ಕಿಲೋಮೀಟರ್ ಆಚೆ ಇದೆ. ಅಲ್ಲಿಂದ ಊರಿಗೆ ದಾರಿಯಿದೆ ಎಂಬುದಷ್ಟೇ ಹೆಸರಿನ ಅರ್ಥ. ‘ಸುಬ್ರಹ್ಮಣ್ಯ ರೋಡ್’, ‘ಮೂಕಾಂಬಿಕಾ ರೋಡ್ ಬೈಂದೂರು’ ನಿಲ್ದಾಣಗಳಲ್ಲಿಯೂ ಇದೇ ಕ್ರಮ. ರೈಲ್ವೆಯ ‘ರೋಡ್’ ಮತ್ತು ತುಮಕೂರಿನ ‘ಗೇಟ್’ ಒಂದೇ ವ್ಯಾಕರಣದ ಎರಡು ರೂಪಗಳು. ಎರಡೂ ಸ್ಥಳವನ್ನು ಅಲ್ಲಿ ಬಾಳುವವನ ಕಡೆಯಿಂದ ಹೆಸರಿಸುವುದಿಲ್ಲ, ಹಾದುಹೋಗುವವನ ಕಡೆಯಿಂದ ಹೆಸರಿಸುತ್ತವೆ. ‘ಬೀಚ್’ ಎಂಬುದನ್ನೂ ಈ ಸಾಲಿಗೆ ಸೇರಿಸಬೇಕೆಂಬುದು ನಮ್ಮ ವಾದ.

2. ಸಮುದ್ರ, ಬೇಲೆ, ಬೀಚು

ಗೋಕರ್ಣ ಗಂಗಾವಳಿ ಮತ್ತು ಅಘನಾಶಿನಿ ನದಿಗಳ ಅಳಿವೆಗಳ ನಡುವೆ ಇರುವ ಕ್ಷೇತ್ರ. ಕಾಳಿದಾಸನ ‘ರಘುವಂಶ’ದ ಎಂಟನೆಯ ಸರ್ಗದಲ್ಲಿಯೇ ದಕ್ಷಿಣ ಸಮುದ್ರದ ತೀರದ ಶಿವಸ್ಥಾನವಾಗಿ ಅದರ ಉಲ್ಲೇಖವಿದೆ. ಮಹಾಬಲೇಶ್ವರ ದೇವಾಲಯ, ಕೋಟಿತೀರ್ಥ, ರಥಬೀದಿ, ಇವು ಯಾತ್ರಿಕರ ಗೋಕರ್ಣದ ಗುರುತುಗಳು. ಪ್ರವಾಸಿಗರ ಗೋಕರ್ಣ ಇನ್ನೊಂದು. ಗೋವೆಯ ಗದ್ದಲದಿಂದ ದೂರ ಬಯಸಿದ ವಿದೇಶಿಯರು ದಕ್ಷಿಣಕ್ಕೆ ಸರಿದು ಬಂದದ್ದು, 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದುಕೊಂಡದ್ದು, ಅನಂತರ ಬೆಂಗಳೂರಿನಿಂದ ವಾರಾಂತ್ಯದ ರಾತ್ರಿ ಬಸ್ಸುಗಳು ಹೆಚ್ಚಿದ್ದು ಈ ಎರಡನೆಯ ಗೋಕರ್ಣವನ್ನು ಕಟ್ಟಿದವು. ಅದರ ಗುರುತುಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಹೀಗಿವೆ: ಮೇನ್ ಬೀಚ್, ಕುಡ್ಲೆ ಬೀಚ್, ಓಂ ಬೀಚ್, ಹಾಫ್ ಮೂನ್ ಬೀಚ್, ಪ್ಯಾರಡೈಸ್ ಬೀಚ್.

ಎರಡು ಗೋಕರ್ಣಗಳ ಗಡಿ ನೆಲದ ಮೇಲೆ ಕಾಣಿಸುವುದಕ್ಕಿಂತ ಮಾತಿನಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ. ಬಯಲುಸೀಮೆಯಿಂದ ಯಾತ್ರೆಗೆ ಹೋದ ಕುಟುಂಬದ ಹಿರಿಯರ ಮಾತು (1)ರಂತೆ, ಅದೇ ಕುಟುಂಬದ ಕಾಲೇಜು ಹುಡುಗರ ಮಾತು (2)ರಂತೆ ಇರುತ್ತದೆ.

(1) ಸಮುದ್ರಕ್ಕೆ ಹೋಗಿ ಸ್ನಾನ ಮಾಡ್ಕೊಂಡು ದೇವಸ್ಥಾನಕ್ಕೆ ಬರೋಣ.
(2) ಬೀಚ್‌ಗೆ ಹೋಗೋಣ.

ಇಬ್ಬರೂ ನಡೆಯುವುದು ಒಂದೇ ಮರಳಿನ ಮೇಲೆ. ಆದರೆ ‘ಸಮುದ್ರಸ್ನಾನ’ ಉಂಟು, ‘*ಬೀಚ್‌ಸ್ನಾನ’ ಇಲ್ಲ. (1)ರಲ್ಲಿ ಗಮ್ಯವು ನೀರು. ಮರಳು ನೀರಿಗೆ ಹೋಗುವ ದಾರಿ ಮಾತ್ರ. (2)ರಲ್ಲಿ ಗಮ್ಯವು ಮರಳೇ. ಮಾಡಬೇಕಾದ ಕೆಲಸವನ್ನು (1) ಹೇಳಲೇಬೇಕು, (2) ಹೇಳಬೇಕಿಲ್ಲ. ಬೀಚಿಗೆ ಹೋಗುವುದೇ ಒಂದು ಕೆಲಸ. ಆದ್ದರಿಂದ ‘ಬೀಚ್’ ಎಂಬುದನ್ನು ‘ಕಡಲತೀರ’ಕ್ಕೆ ಪರ್ಯಾಯಪದವೆಂದು ನಿಘಂಟಿನಲ್ಲಿ ಕೊಟ್ಟರೆ ಅರ್ಧದಷ್ಟು ಅರ್ಥ ಬಿಟ್ಟುಹೋಗುತ್ತದೆ. ಅದು ತೀರವೂ ಹೌದು, ತೀರದಲ್ಲಿ ಸುಮ್ಮನಿರುವ ಬಿಡುವೂ ಹೌದು.

ಬಯಲುಸೀಮೆಯ ಕನ್ನಡದಲ್ಲಿ ಈ ಪದ ತುಂಬಿದ್ದು ಖಾಲಿ ಜಾಗವನ್ನು. ತುಮಕೂರು ಸೀಮೆಯವರಿಗೆ ನೀರಿನ ಅಂಚೆಂದರೆ ಕೆರೆಯ ಏರಿ, ಕೆರೆಯ ದಡ, ಕೆರೆಯ ಅಂಗಳ. ಅಲೆ ಬಂದು ಮರಳುವ ಮರಳಿನ ಪಟ್ಟಿಗೆ ಅಲ್ಲಿ ಹೆಸರು ಬೇಕಾಗಿರಲಿಲ್ಲ. ಕರಾವಳಿಯ ಸಂದರ್ಭ ಬೇರೆ. ಅಲ್ಲಿ ಹೆಸರುಗಳ ಸಮೃದ್ಧಿಯಿತ್ತು: ನದಿ ಕಡಲನ್ನು ಸೇರುವೆಡೆ ಅಳಿವೆ, ಉಪ್ಪುನೀರು ಆಡುವ ಗದ್ದೆ ಗಜನಿ, ನೀರಿಗೆ ಚಾಚಿದ ಮರಳದಿಬ್ಬ ಕೋಡಿ, ಮರಳು ಹೊಯ್ಗೆ. ಉತ್ತರ ಕನ್ನಡದ ಆಡುಮಾತಿನಲ್ಲಿ ಮರಳಿನ ಕಡಲಂಚಿಗೆ ‘ಬೇಲೆ’ ಎಂಬ ಪದವಿದೆ. ಇದು ಸಂಸ್ಕೃತದ ‘ವೇಲಾ’ ಶಬ್ದದ ತದ್ಭವವೆಂದು ನಾವು ಗ್ರಹಿಸುತ್ತೇವೆ. ಪದಾದಿಯ ವಕಾರ ಬಕಾರವಾಗುವುದು (ವನ–ಬನ, ವರ್ಣ–ಬಣ್ಣ, ವೀಥಿ–ಬೀದಿ), ಕೊನೆಯ ಆಕಾರ ಎಕಾರವಾಗುವುದು (ಮಾಲಾ–ಮಾಲೆ, ಶಾಲಾ–ಶಾಲೆ) ಎರಡೂ ನಿಯಮಬದ್ಧ. ಕೊಂಕಣಿಯಲ್ಲಿ ಇದರ ಸೋದರ ರೂಪ ‘ವೇಳ್’ ತೀರವೆಂಬ ಅರ್ಥದಲ್ಲಿಯೇ ಬಳಕೆಯಲ್ಲಿದೆ. ಸಂಸ್ಕೃತದಲ್ಲಿ ‘ವೇಲಾ’ಕ್ಕೆ ಎಲ್ಲೆ, ಹೊತ್ತು, ತೀರ, ಭರತ ಎಂಬ ಅರ್ಥಗಳಿವೆ. ಅಂದಮೇಲೆ ನಾವು ದಿನವೂ ಆಡುವ ‘ವೇಳೆ’ ಮತ್ತು ಕರಾವಳಿಯ ‘ಬೇಲೆ’ ಒಂದೇ ಶಬ್ದದ ಎರಡು ಕವಲುಗಳು. ಕಡಲಿನ ಏರಿಳಿತವನ್ನು ನೋಡಿ ಹೊತ್ತನ್ನು ಅಳೆಯುವ ಜನರ ಮಾತಿನಲ್ಲಿ ಇವೆರಡು ಅಕ್ಕಪಕ್ಕದಲ್ಲಿರುವುದು ಸಹಜವೇ ಆಗಿದೆ.

ಬೇಲೆ ದುಡಿಮೆಯ ಜಾಗ. ರಂಪಣಿ ಬಲೆಯನ್ನು ಹತ್ತಾರು ಜನ ಕೂಡಿ ಎಳೆಯುತ್ತಿದ್ದದ್ದು ಅಲ್ಲಿ. ದೋಣಿಯನ್ನು ಎಳೆದು ನಿಲ್ಲಿಸುವುದು, ಬಲೆ ಹರಡುವುದು, ಮೀನು ಒಣಗಿಸುವುದು ಎಲ್ಲವೂ ಅಲ್ಲಿ. 1970ರ ದಶಕದಲ್ಲಿ ಪರ್ಸೀನ್ ಬಲೆಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಹೀಗೆ ‘ಬೀಚ್’ ಬಂದ ಕಾಲಕ್ಕೆ ಬೇಲೆಯ ಕೆಲಸಗಳಲ್ಲಿ ಒಂದಷ್ಟು ಆಗಲೇ ಕುಗ್ಗಿದ್ದವು. ಈ ಕಾಲಕ್ರಮವನ್ನು ಮರೆತು ‘ಬೀಚ್’ ಪದವೊಂದೇ ‘ಬೇಲೆ’ಯನ್ನು ಓಡಿಸಿತು ಎನ್ನುವುದು ಭಾಷೆಯ ಮೇಲೆ ಹೆಚ್ಚಿನ ಹೊರೆ ಹೊರಿಸಿದಂತೆ. ಎರವಲು ಎಂಬ ಕಾರಣಕ್ಕೇ ‘ಬೀಚ್’ ಅನ್ನು ದೂರುವುದರಲ್ಲಿಯೂ ಹುರುಳಿಲ್ಲ: ‘ಬೇಲೆ’ ಸಂಸ್ಕೃತಮೂಲದ್ದು, ‘ಬಂದರು’ ಮತ್ತು ‘ಕಿನಾರೆ’ ಪಾರಸಿಯವು. ಕಡಲಂಚಿನ ಶಬ್ದಕೋಶ ಎಂದಿನಿಂದಲೂ ಬಂದುಹೋಗುವವರಿಂದ ಬೆಳೆದದ್ದು. ಗಮನಿಸಬೇಕಾದದ್ದು ಹಂಚಿಕೆಯನ್ನು. ಉಡುಪಿಯ ಮಲ್ಪೆಯಲ್ಲಿ ‘ಮಲ್ಪೆ ಬಂದರು’ ಮತ್ತು ‘ಮಲ್ಪೆ ಬೀಚ್’ ಎಂದು ಎರಡು ಹೆಸರುಗಳಿವೆ. ನಿರ್ದಿಷ್ಟ ಒಂದೇ, ವಾರ್ಗಿಕ ಎರಡು. ಒಂದರಲ್ಲಿ ಮೀನಿನ ವ್ಯಾಪಾರ, ಇನ್ನೊಂದರಲ್ಲಿ ಸೂರ್ಯಾಸ್ತ.

3. ವಾರ್ಗಿಕವನ್ನು ಬಿಟ್ಟರೆ ಏನುಳಿಯುತ್ತದೆ?

ಎರವಲು ವಾರ್ಗಿಕ ಹೆಸರಿನೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತಿಳಿಯಲು ಅದನ್ನು ಬಿಟ್ಟು ಹೇಳಿ ನೋಡುವುದು ಒಳ್ಳೆಯ ಉಪಾಯ. ಲೇಖಕರಲ್ಲಿ ಒಬ್ಬರು ತುಮಕೂರು ಕನ್ನಡದವರು, ಇನ್ನೊಬ್ಬರು ಕರಾವಳಿಯವರು. ಮುಂದಿನ ತೀರ್ಮಾನಗಳು ನಮ್ಮಿಬ್ಬರ ಭಾಷಿಕ ಅರಿವನ್ನು ಆಧರಿಸಿವೆ.

(3) ಕುಡ್ಲೆ ಬೀಚಿಗೆ ಹೋಗೋಣ. / ಕುಡ್ಲೆಗೆ ಹೋಗೋಣ.
(4) ಶಿರಾ ಗೇಟಿಗೆ ಹೋಗೋಣ. / ಶಿರಾಕ್ಕೆ ಹೋಗೋಣ.
(5) ಓಂ ಬೀಚಿಗೆ ಹೋಗೋಣ. / ?ಓಂಗೆ ಹೋಗೋಣ.

(3)ರಲ್ಲಿ ವಾರ್ಗಿಕ ಬಿಟ್ಟರೂ ಕೇಳಿದವನು ಅದೇ ಜಾಗಕ್ಕೆ ಹೋಗುತ್ತಾನೆ. ‘ಕುಡ್ಲೆ’ ಪ್ರವಾಸೋದ್ಯಮಕ್ಕೆ ಮುಂಚಿನ ಸ್ಥಳನಾಮ. ‘ಬೀಚ್’ ಅದರ ಮೇಲೆ ಹೊದಿಸಿದ ಹೊದಿಕೆ. (ಈ ಹೆಸರನ್ನು ಮಂಗಳೂರಿನ ತುಳು ಹೆಸರಾದ ‘ಕುಡ್ಲ’ದೊಂದಿಗೆ ಧ್ವನಿಸಾಮ್ಯವೊಂದನ್ನೇ ನಂಬಿ ಜೋಡಿಸುವ ಆಸೆ ಸಹಜ. ಸ್ಥಳೀಯ ದಾಖಲೆಯ ಆಧಾರವಿಲ್ಲದೆ ಹಾಗೆ ಮಾಡಬಾರದು.) (4)ರಲ್ಲಿ ವಾರ್ಗಿಕ ಬಿಟ್ಟರೆ ವಾಕ್ಯ ಶುದ್ಧವಾಗಿಯೇ ಇರುತ್ತದೆ, ಆದರೆ ಸಿಟಿ ಬಸ್ಸು ಹತ್ತಬೇಕಾದವನು ಬೇರೆ ತಾಲ್ಲೂಕಿಗೆ ಹೋಗಿಬಿಡುತ್ತಾನೆ. ದಿಕ್ಸೂಚಕ ನಿರ್ದಿಷ್ಟದ ಲಕ್ಷಣವೇ ಇದು. ‘ಗೋಕರ್ಣ ರೋಡ್’ ಎಂಬಲ್ಲಿ ‘ರೋಡ್’ ಬಿಟ್ಟರೂ ಇದೇ ಫಲಿತಾಂಶ. (5)ರಲ್ಲಿ ವಾರ್ಗಿಕ ಬಿಟ್ಟರೆ ಉಳಿಯುವುದು ಸ್ಥಳನಾಮವೇ ಅಲ್ಲ. ‘ಓಂ’ ಕನ್ನಡಿಗರಿಗೆ ಚಿರಪರಿಚಿತವಾದ ಶಬ್ದ. ಅದಕ್ಕೆ ಗಮ್ಯಾರ್ಥದ ಚತುರ್ಥೀ ಹತ್ತುವುದಿಲ್ಲ. ಇಲ್ಲಿ ‘ಬೀಚ್’ ಹೊದಿಕೆಯಲ್ಲ, ಬೆನ್ನೆಲುಬು.

‘ಹಾಫ್ ಮೂನ್’ ಮತ್ತು ‘ಪ್ಯಾರಡೈಸ್’ ಈ ಪರೀಕ್ಷೆಯಲ್ಲಿ ಸ್ವಲ್ಪ ತೊಡಕನ್ನು ಒಡ್ಡುತ್ತವೆ. ಅವೂ ‘ಓಂ’ನಂತೆ ಹೊಸ ಹೆಸರುಗಳೇ, ಆದರೂ ‘ಹಾಫ್ ಮೂನ್‌ಗೆ ನಡೆದು ಹೋದ್ವಿ’ ಎಂಬುದು ಚಾರಣಿಗರ ಬಾಯಲ್ಲಿ ಸಲೀಸಾಗಿ ಹೊರಡುತ್ತದೆ. ಇದಕ್ಕೆ ನಾವು ಕೊಡುವ ವಿವರಣೆ ಹೀಗಿದೆ: ಕನ್ನಡ ವಾಕ್ಯದೊಳಗೆ ‘ಹಾಫ್ ಮೂನ್’ ಎಂಬುದು ಅರ್ಧಚಂದ್ರ ಎಂಬ ಅರ್ಥವನ್ನು ಸಕ್ರಿಯವಾಗಿ ಹೊತ್ತಿರುವುದಿಲ್ಲ. ಅದು ಕೇವಲ ಚೀಟಿ. ಅರ್ಥಭಾರವಿಲ್ಲದ ಪದ ಸುಲಭವಾಗಿ ಅಂಕಿತನಾಮವಾಗಬಲ್ಲದು. ‘ಓಂ’ಗೆ ತನ್ನದೇ ಅರ್ಥ, ತನ್ನದೇ ಗೌರವ ಇರುವುದರಿಂದ ಅದು ಒಪ್ಪುವುದಿಲ್ಲ. ಪರಭಾಷೆಯ ಅಪಾರದರ್ಶಕ ಪದ ಸ್ವಭಾಷೆಯ ಪಾರದರ್ಶಕ ಪದಕ್ಕಿಂತ ಬೇಗ ಹೆಸರಾಗುತ್ತದೆ ಎಂಬ ಈ ವಿಪರ್ಯಯ ಸ್ಥಳನಾಮ ಅಧ್ಯಯನಕಾರರು ಇನ್ನಷ್ಟು ಪರೀಕ್ಷಿಸಬೇಕಾದ ಸಂಗತಿ.

‘ಮೇನ್ ಬೀಚ್’ ಬಗ್ಗೆ ಒಂದು ಮಾತು. ಉಳಿದ ತೀರಗಳಿಗೆ ಹೆಸರು ಬರುವವರೆಗೂ ಇದಕ್ಕೆ ವಿಶೇಷಣ ಬೇಕಿರಲಿಲ್ಲ. ಊರೆದುರಿನ ಸಮುದ್ರ ಸಮುದ್ರವಷ್ಟೇ ಆಗಿತ್ತು.

4. ಯಾವ ಲಿಪಿಯ ಓಂಕಾರ?

ಓಂ ಬೀಚಿಗೆ ಆ ಹೆಸರು ಬಂದದ್ದು ಆಕಾರದಿಂದ. ಎರಡು ಅರೆವೃತ್ತದ ಕೊಲ್ಲಿಗಳು ನಡುವಿನ ಬಂಡೆಯ ಚಾಚಿನಲ್ಲಿ ಕೂಡುತ್ತವೆ. ಮೇಲಿನಿಂದ ನೋಡಿದರೆ ಓಂಕಾರದಂತೆ ಕಾಣುತ್ತದೆ. ಆದರೆ ಅದು ದೇವನಾಗರಿಯ ಸಂಕೇತರೂಪದ ಓಂಕಾರ. ಕನ್ನಡ ಲಿಪಿಯಲ್ಲಿ ‘ಓಂ’ ಎಂದು ಬರೆದಾಗ ಕಾಣುವ ಓಕಾರಕ್ಕೂ ಅದರ ಪಕ್ಕದ ಸೊನ್ನೆಗೂ ಈ ತೀರದ ಆಕಾರಕ್ಕೂ ಹೋಲಿಕೆಯಿಲ್ಲ. ಹೀಗಾಗಿ ‘ಓಂ ಬೀಚ್’ ಎಂಬ ಕನ್ನಡ ಫಲಕ ತನ್ನ ಹೆಸರಿನ ಕಾರಣವನ್ನು ತಾನೇ ಮುಚ್ಚಿಡುತ್ತದೆ. ದೇವರ ಪಟ, ಕ್ಯಾಲೆಂಡರು, ಆಟೋಗಳ ಮೇಲೆ ನಾಗರಿ ಸಂಕೇತವನ್ನು ಕಂಡು ರೂಢಿಯಿರುವುದರಿಂದ ಮಾತ್ರ ಕನ್ನಡಿಗರಿಗೆ ಹೋಲಿಕೆ ಹೊಳೆಯುತ್ತದೆ.

ಆಕಾರದಿಂದ ಹೆಸರಿಡುವುದು ನಮ್ಮಲ್ಲಿ ಇಲ್ಲದ್ದಲ್ಲ. ‘ಗೋಕರ್ಣ’ವೇ ಹಸುವಿನ ಕಿವಿ. ರಾವಣ ಆತ್ಮಲಿಂಗವನ್ನು ಎಳೆದಾಗ ಅದು ಗೋವಿನ ಕಿವಿಯಂತಾಯಿತೆಂಬ ಕಥೆ ಕ್ಷೇತ್ರದಲ್ಲಿ ಪ್ರಚಲಿತ. ಕಾರವಾರದ ಬಳಿಯ ಮಾಜಾಳಿಯಲ್ಲಿ ಕಪ್ಪು ಮರಳಿನ ತೀರವೊಂದಿದೆ. ಕೊಂಕಣಿ ಮಾತಿನಲ್ಲಿ ಅದು ತಿಳಮಾತಿ, ಎಂದರೆ ಎಳ್ಳಿನಂಥ ಮಣ್ಣು. ಪ್ರವಾಸಿಗರ ಬರಹಗಳಲ್ಲಿ ಅದೇ ‘ಬ್ಲ್ಯಾಕ್ ಸ್ಯಾಂಡ್ ಬೀಚ್’ ಆಗುತ್ತದೆ. ಎರಡೂ ಬಣ್ಣವನ್ನೇ ಹೇಳುತ್ತವೆ ನಿಜ. ಆದರೆ ಮೊದಲನೆಯದು ಮರಳನ್ನು ಬೊಗಸೆಯಲ್ಲಿ ಹಿಡಿದು ಅಡುಗೆಮನೆಯ ಎಳ್ಳನ್ನು ನೆನೆದವರ ಹೆಸರು. ಎರಡನೆಯದು ದೂರದಿಂದ ಕಂಡವರ ವರ್ಣನೆ. ‘ಓಂ’ ಮತ್ತು ‘ಹಾಫ್ ಮೂನ್’ ಹೆಸರುಗಳಲ್ಲಿಯೂ ನೋಟ ಎತ್ತರದ್ದು. ಗುಡ್ಡದ ತಲೆಯಲ್ಲೋ ನಕಾಶೆಯ ಮುಂದೋ ನಿಂತವನಿಗೆ ಮಾತ್ರ ಆ ಆಕಾರ ದೊರಕುತ್ತದೆ. ದೋಣಿಯಲ್ಲಿ ಬರುವ ಅಂಬಿಗನ ಕಣ್ಣಿಗೆ ಬೀಳುವುದು ಬಂಡೆ, ಅಲೆ ಒಡೆಯುವ ಜಾಗ, ದೋಣಿ ಹಚ್ಚಲು ಅನುಕೂಲವಾದ ಮೂಲೆ.

5. ಫಲಕ, ಪತ್ರಿಕೆ, ದಾಖಲೆ

ಲ್ಯಾಂಡ್ರಿ ಮತ್ತು ಬೂರಿ 1997ರಲ್ಲಿ ಭಾಷಾ ಭೂದೃಶ್ಯದ ಪರಿಕಲ್ಪನೆಯನ್ನು ಮಂಡಿಸುವಾಗ ಫಲಕಗಳಿಗೆ ಮಾಹಿತಿಯ ಕೆಲಸ ಮತ್ತು ಸಾಂಕೇತಿಕ ಕೆಲಸ ಎಂದು ಎರಡನ್ನು ಗುರುತಿಸಿದರು. ಕರ್ನಾಟಕದಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ಕ್ಕೆ 2024ರಲ್ಲಿ ತಂದ ತಿದ್ದುಪಡಿ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು ವಿಧಿಸಿದೆ. ಫಲಕವನ್ನು ಅಳೆಯುವವರು ಅಳೆಯುವುದು ಅಕ್ಷರಗಳು ಆಕ್ರಮಿಸಿದ ಜಾಗವನ್ನು. ‘ಹಾಫ್ ಮೂನ್ ಬೀಚ್ ರೆಸಾರ್ಟ್’ ಎಂದು ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದರೆ ಲಿಪಿ ಪೂರ್ತಿ ಕನ್ನಡ, ಪದಗಳಲ್ಲಿ ಕನ್ನಡದ್ದು ಒಂದೂ ಇಲ್ಲ. ಸಾಂಕೇತಿಕ ಕೆಲಸ ನೆರವೇರುತ್ತದೆ. ಇದನ್ನು ನಾವು ವಂಚನೆ ಎನ್ನುವುದಿಲ್ಲ. ಲಿಪಿಯೂ ಒಂದು ಹಕ್ಕುಸ್ಥಾಪನೆಯೇ. ಆದರೆ ಲಿಪಿಗೂ ಭಾಷೆಗೂ ಇರುವ ಅಂತರವನ್ನು ಕಾನೂನು ಕಾಣದಿದ್ದರೂ ಭಾಷಾವಿಜ್ಞಾನ ಕಾಣಬೇಕು.

ಕನ್ನಡ ಪತ್ರಿಕೆಗಳ ಕ್ರಮ ಮತ್ತೊಂದು. ಅವು ‘ಓಂ ಕಡಲತೀರ’, ‘ಕುಡ್ಲೆ ಕಡಲತೀರ’, ‘ಹಾಫ್ ಮೂನ್ ಕಡಲತೀರ’ ಎಂದು ಬರೆಯುತ್ತವೆ. ಹೌಗನ್ 1950ರಲ್ಲಿ ಮಾಡಿದ ವಿಭಾಗದಂತೆ, ಮೂರನೆಯದು ಅರ್ಧ ಆಮದು, ಅರ್ಧ ಪರ್ಯಾಯ. ವಾರ್ಗಿಕವನ್ನು ಅನುವಾದಿಸುವ ಪತ್ರಿಕೆ ನಿರ್ದಿಷ್ಟವನ್ನು ಮುಟ್ಟುವುದಿಲ್ಲ. ‘ಅರ್ಧಚಂದ್ರ ತೀರ’ ಎಂದು ಬರೆದರೆ ಓದುಗನಿಗೆ ಜಾಗ ತಿಳಿಯದು ಎಂಬ ವೃತ್ತಿಪರ ಎಚ್ಚರ ಅದಕ್ಕಿದೆ. ಹೀಗೆ ಒಂದೇ ಮರಳಿಗೆ ಪತ್ರಿಕೆಯಲ್ಲಿ ‘ಕಡಲತೀರ’, ಬಸ್ಸಿನಲ್ಲಿ ‘ಬೀಚ್’, ಮೀನುಗಾರರ ಕೇರಿಯಲ್ಲಿ ‘ಬೇಲೆ’. ಮೂರರಲ್ಲಿ ಮೊದಲೆರಡಕ್ಕೆ ಮಾತ್ರ ಬರಹದ ಆಸರೆಯಿದೆ.

ಹೊಸ ಹೆಸರುಗಳೆಲ್ಲವೂ ಪ್ರವಾಸಿಗರ ಕೊಡುಗೆಯಲ್ಲ. ಕಾರವಾರದ ತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ತರುಣ ಕವಿ ಅಲ್ಲಿ ತಂಗಿದ್ದುದರ ನೆನಪು ಅದು. ಹೊನ್ನಾವರದ ಕಾಸರಕೋಡಿನಲ್ಲಿ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ‘ಇಕೋ ಬೀಚ್’ ಇದೆ, ಅದೇ ಊರಿನ ಮೀನುಗಾರರ ‘ಟೊಂಕ’ವೂ ಇದೆ. ಮೊದಲನೆಯದನ್ನು ಮಾತ್ರ ಕಂಡವರಿಗೆ ಎರಡನೆಯದು ಜನವಸತಿ ಎಂಬುದೇ ತಿಳಿಯದೆ ಹೋಗಬಹುದು. ತೀರ ಯಾರದು, ದೋಣಿ ಎಲ್ಲಿ ನಿಲ್ಲಬೇಕು, ಬಲೆ ಎಲ್ಲಿ ಹರಡಬೇಕು ಎಂಬ ಪ್ರಶ್ನೆಗಳು ಬಂದಾಗ ನಕಾಶೆಯಲ್ಲಿ ಹೆಸರಿರುವ ಜಾಗಕ್ಕೂ ಇಲ್ಲದ ಜಾಗಕ್ಕೂ ಸಮಾನ ಬಲವಿರುವುದಿಲ್ಲ. ‘ಬೀಚ್’ ಎಂದು ದಾಖಲಾದ ಪಟ್ಟಿ ವಿಹಾರದ ಪಟ್ಟಿಯೆಂದೇ ಓದಿಸಿಕೊಳ್ಳುತ್ತದೆ.

ಈ ಕರಾವಳಿಯ ಉಪಭಾಷೆಗಳ ಬಗ್ಗೆ ನಮ್ಮಲ್ಲಿ ಗಟ್ಟಿಯಾದ ಕೆಲಸ ನಡೆದಿದೆ. ಎ. ಎಸ್. ಆಚಾರ್ಯರ ಹಾಲಕ್ಕಿ ಕನ್ನಡದ ವಿವರಣೆ, ಡಿ. ಎನ್. ಶಂಕರ ಭಟ್ಟರ ಹವ್ಯಕ ವ್ಯಾಕರಣ ಎರಡೂ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂದವು. ಸ್ಥಳನಾಮಗಳ ಮೂಲಕ ನಾಡಿನ ಕಥೆಯನ್ನು ಓದುವ ದಾರಿಯನ್ನು ಶಂ. ಬಾ. ಜೋಶಿ ‘ಎಡೆಗಳು ಹೇಳುವ ಕಂನಾಡ ಕತೆ’ಯಲ್ಲಿ ತೋರಿಸಿದ್ದರು. ಈಗ ಬೇಕಾದದ್ದು ಊರಿಗಿಂತ ಸಣ್ಣ ಘಟಕಗಳ ಸಂಗ್ರಹ: ಬಂಡೆಗಳ, ಕೊಲ್ಲಿಗಳ, ದೋಣಿ ಹಚ್ಚುವ ಮೂಲೆಗಳ ಹೆಸರುಗಳು. ಅವನ್ನು ಖಾರ್ವಿ ಕೊಂಕಣಿಯಿಂದಲೂ ಅಂಬಿಗರ, ಹಾಲಕ್ಕಿಗಳ ಕನ್ನಡದಿಂದಲೂ ಬೇರೆಬೇರೆಯಾಗಿ, ದೋಣಿಯ ಮೇಲಿಂದ ನೋಡುತ್ತ ಬರೆದುಕೊಳ್ಳಬೇಕು. ಗುಡ್ಡದ ಮೇಲೆ ನಿಂತು ಕೇಳಿದರೆ ಸಿಗುವುದು ‘ಓಂ’ ಮಾತ್ರ.

ಗೋಕರ್ಣದ ದಕ್ಷಿಣಕ್ಕೆ, ತದಡಿಯ ಕಡೆಗೆ, ಬೇಲೇಕಾನ ಎಂಬ ಜಾಗವಿದೆ. ‘ಬೇಲೆ’ಯೂ ‘ಕಾನು’ವೂ ಸೇರಿದ ಹೆಸರೆಂದು, ದಡದ ಕಾಡೆಂದು, ನಾವು ಅದನ್ನು ಬಿಡಿಸುತ್ತೇವೆ, ಅಂಕೋಲೆಯ ಬೇಲೇಕೇರಿಯ ಮೊದಲ ಭಾಗವೂ ಇದೇ ಇರಬೇಕು. ಪ್ರವಾಸಿ ನಕಾಶೆಗಳಲ್ಲಿ ಇದು ಈಗ ‘ಬೇಲೇಕಾನ್ ಬೀಚ್’. ತೀರ ಎಂಬುದನ್ನು ಹೆಸರು ಎರಡು ಸಲ ಹೇಳುತ್ತಿದೆ, ‘ನಡುಮಧ್ಯ’ ಎಂಬಲ್ಲಿ ನಡುವನ್ನು ಎರಡು ಸಲ ಹೇಳುವಂತೆ. ನಮ್ಮ ಲೋಪಪರೀಕ್ಷೆಯಲ್ಲಿ ಇದು ಕುಡ್ಲೆಯ ಸಾಲಿನಲ್ಲಿ ನಿಲ್ಲುತ್ತದೆ: ‘ಬೇಲೇಕಾನಕ್ಕೆ ಹೋಗೋಣ’ ಎಂದರೆ ಸಾಕು.